ಎರರ್ ಇಪ್ಪತ್ತೆರಡು ಮತ್ತು ಮಾಬೂಸಾಬರ ದಡಿಗಳು

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಬೆಟಗೇರಿಯಲ್ಲಿ, ನಾನು ಒಬ್ಬ ಮನುಷ್ಯನ ಮೂವತ್ತು ವರ್ಷದ ದುಡಿಮೆಯನ್ನು ಅಳಿಸಿ ಹಾಕಿದೆ. ಬಹಳ ಹೊತ್ತೇನೂ ಹಿಡಿಯಲಿಲ್ಲ. ಕೀಬೋರ್ಡಿನ ಮೇಲೆ ಒಂದೆರಡು ಅಕ್ಷರ, ನಾಲ್ಕಾರು ಸಲ ಎಂಟರ್. ಒಳಗಿನಿಂದ ಚಹಾ ಕೂಡ ಇನ್ನೂ ಬಂದಿರಲಿಲ್ಲ.

ನಿಮಗೆ ಗೊತ್ತೇ ಇದೆ, ನಾನು ಗದಗಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಕಂಪ್ಯೂಟರಿಗೂ ನನಗೂ ಇರುವ ಸಂಬಂಧ ಇಷ್ಟೇ: ಒಂದು ಕಂಪ್ಯೂಟರ್ ಪತ್ರಿಕೆ ತರಿಸುತ್ತೇನೆ, ಅದರ ಜೊತೆ ಪುಕ್ಕಟೆ ಸೀಡಿ ಬರುತ್ತದೆ. ಸೀಡಿ ಬಂದ ಮೇಲೆ ಜ್ಞಾನ ಬರದೆ ಇರುತ್ತದೆಯೇ? ಓಣಿಯವರೆಲ್ಲ ನನ್ನನ್ನು ‘ಕಂಪ್ಯೂಟರ್ ಸರ್’ ಎನ್ನತೊಡಗಿದರು. ನಾನೂ ಬೇಡ ಎನ್ನಲಿಲ್ಲ. (ಇತಿಹಾಸದ ಸರ್ ಎಂದು ಯಾರೂ ಮನೆಗೆ ಕರೆದು ಚಹಾ ಕೊಡುವುದಿಲ್ಲ.)

ಮಾಬೂಸಾಬರು ಬೆಟಗೇರಿಯ ಹಳೆಯ ಡಿಸೈನರ್. ಈಗ ಡಿಸೈನರ್ ಎಂದರೆ ಬೇರೆ ಅರ್ಥ ಬಂದಿದೆ. ಇವರು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ಸೀರೆಯ ದಡಿ, ಸೆರಗು ಬರೆಯುವವರು. ಆ ಹಾಳೆ ನೋಡಿಕೊಂಡೇ ಮಗ್ಗಕ್ಕೆ ಡಿಸೈನು ಕಟ್ಟುವುದು. ಒಂದು ಚೌಕ ತಪ್ಪಿದರೆ ಸೀರೆಯ ಉದ್ದಕ್ಕೂ ನವಿಲಿಗೆ ಕಾಲು ಇರುವುದಿಲ್ಲ. ಹೀಗೆ ಮೂವತ್ತು ವರ್ಷ ಬರೆದ ಹಾಳೆಗಳು ಒಂದು ಟ್ರಂಕಿನಲ್ಲಿದ್ದವು. ಗೆದ್ದಲು ಹಿಡಿಯತೊಡಗಿದಾಗ ಅವರು ಯಾರನ್ನು ಕೇಳಬೇಕು? ನನ್ನನ್ನು ಕೇಳಿದರು.

ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಅವರ ಕಂಪ್ಯೂಟರಿಗೆ ಹಾಕಿದವನು ನಾನು. ಅಷ್ಟಕ್ಕೆ ನಿಂತಿದ್ದರೆ ಪುಣ್ಯದ ಕೆಲಸ. ಆದರೆ ಜ್ಞಾನ ಇದ್ದವರು ಅಷ್ಟಕ್ಕೆ ನಿಲ್ಲುತ್ತಾರೆಯೇ? ‘ಇನ್ನ ಈ ಕಸ ಯಾಕ್ ಇಟ್ಗೊಂಡೀರಿ, ಎಲ್ಲಾ ಕಂಪ್ಯೂಟರ್‌ನ್ಯಾಗ ಐತೆಲ್ಲ’ ಎಂದೂ ಹೇಳಿದೆ. ಅವರ ಹೆಂಡತಿ ಜೈನಾಬಿ ಆ ಮಾತನ್ನು ಬಹಳ ಮರ್ಯಾದೆಯಿಂದ ತೆಗೆದುಕೊಂಡರು. ಒಂದು ವಾರ ಅವರ ಮನೆಯ ಬಚ್ಚಲ ಒಲೆಗೆ ಉರುವಲಿನ ಚಿಂತೆ ಇರಲಿಲ್ಲ.

ಆಮೇಲೆ ವೈರಸ್ ಕಾಟ ಶುರುವಾಯಿತು. ನನ್ನ ಬಳಿ ಮದ್ದು ಇತ್ತು: ಪತ್ರಿಕೆಯ ಜೊತೆ ಬಂದ ಲಿನಕ್ಸ್ ಸೀಡಿ. ಲಿನಕ್ಸ್ ಎಂದರೆ ವಿಂಡೋಸಿನ ಕೆಲಸವನ್ನೇ ಮಾಡುವ, ವೈರಸ್ ಅಷ್ಟಾಗಿ ಹತ್ತದ ಇನ್ನೊಂದು ವ್ಯವಸ್ಥೆ. ವಿಂಡೋಸ್ ಪಕ್ಕದಲ್ಲೇ ಲಿನಕ್ಸನ್ನೂ ಕೂರಿಸಿದೆ. ಕಂಪ್ಯೂಟರ್ ಎದ್ದ ಕೂಡಲೇ ‘ಯಾವುದು ಬೇಕು’ ಎಂದು ಕೇಳುವ ಒಂದು ಪಟ್ಟಿ ಬರುತ್ತದೆ. ಅದನ್ನು ತೋರಿಸುವುದಕ್ಕೆ ಬೂಟ್ ಲೋಡರ್ ಎನ್ನುತ್ತಾರೆ. ಆ ಪಟ್ಟಿ ಬಂದ ದಿನ ಮಾಬೂಸಾಬರು ನನ್ನನ್ನು ನೋಡಿದ ನೋಟ, ನನ್ನ ಹದಿನೆಂಟು ವರ್ಷದ ಸರ್ವಿಸಿನಲ್ಲಿ ಯಾವ ವಿದ್ಯಾರ್ಥಿಯೂ ನೋಡಿದ್ದಲ್ಲ.

ಎರಡು ವಾರ ಚೆನ್ನಾಗಿಯೇ ನಡೆಯಿತು. ಸರಿಯಾಗಿ ನಡೆಯುವುದನ್ನು ಹಾಗೇ ಬಿಡುವ ಅಭ್ಯಾಸ ನಮಗೆ ಯಾರಿಗಿದೆ? ಆ ಭಾನುವಾರ ಹೋಗಿ ಡಿಸ್ಕಿನ ಪಾರ್ಟಿಶನ್ ಪಟ್ಟಿ ತೆರೆದೆ. ಒಂದೇ ಡಿಸ್ಕನ್ನು ಗೋಡೆ ಕಟ್ಟಿ ನಾಲ್ಕೈದು ಭಾಗ ಮಾಡಿರುತ್ತಾರಲ್ಲ, ಆ ಭಾಗಗಳ ಪಟ್ಟಿ. (ಧಾರವಾಡದಿಂದ ಗದಗ ಜಿಲ್ಲೆ ಬೇರೆಯಾದಾಗಿನಿಂದ ಗಡಿಗೆರೆ ಎಳೆಯುವುದರಲ್ಲಿ ನಮ್ಮ ಕಡೆಯವರಿಗೆ ಸ್ವಲ್ಪ ಧೈರ್ಯ ಜಾಸ್ತಿ.) ನಡುವೆ ಎರಡು ಭಾಗ ಸುಮ್ಮನೆ ಬಿದ್ದಂತೆ ಕಂಡವು. ಎರಡನ್ನೂ ತೆಗೆದು ಒಂದೇ ದೊಡ್ಡ ಜಾಗ ಮಾಡಿದರೆ ಹೇಗೆ?

ತೆಗೆದೆ. ‘ಬರೆ’ ಎಂಬ ಆದೇಶ ಕೊಟ್ಟೆ. ರೀಸ್ಟಾರ್ಟ್ ಮಾಡು ಎಂದಿತು. ಮಾಡಿದೆ.

ಕಪ್ಪು ಪರದೆಯ ಮೇಲೆ ಒಂದೇ ಸಾಲು ಬಂತು. ಎರರ್ ಇಪ್ಪತ್ತೆರಡು. ಪಟ್ಟಿ ಇಲ್ಲ, ವಿಂಡೋಸ್ ಇಲ್ಲ, ಲಿನಕ್ಸೂ ಇಲ್ಲ.

ಆಗ ನೆನಪಾಯಿತು. ವೈರಸ್ ಬಂದಾಗ ಡಿಸೈನುಗಳನ್ನೆಲ್ಲ ಡಿಸ್ಕಿನ ‘ಸಿ’ ಭಾಗದಿಂದ ತೆಗೆದು ‘ಡಿ’ ಭಾಗದಲ್ಲಿ ಇಟ್ಟವನು ನಾನೇ. ಸುರಕ್ಷಿತವಾಗಿರಲಿ ಎಂದು. ಲಿನಕ್ಸಿನ ಪಟ್ಟಿಯಲ್ಲಿ ‘ಡಿ’ ಎಂಬ ಹೆಸರೇ ಇರುವುದಿಲ್ಲ, ಬರೀ ನಂಬರು. ಸುಮ್ಮನೆ ಬಿದ್ದಿದೆ ಎಂದು ನಾನು ತೆಗೆದದ್ದು ಆ ‘ಡಿ’ಯನ್ನೇ, ಅದರ ಪಕ್ಕದ ‘ಇ’ಯನ್ನೂ ಸೇರಿಸಿ.

‘ಏನಾತ್ರಿ ಸರ?’ ಮಾಬೂಸಾಬರು ಕೇಳಿದರು.

‘ಏನಿಲ್ಲ. ಬೂಟ್ ಲೋಡರ್ ಸ್ವಲ್ಪ ಹಟ ಮಾಡಾಕತ್ತೈತಿ.’

ಎಷ್ಟು ಚಂದದ ಸುಳ್ಳು ನೋಡಿ. ತಪ್ಪು ನನ್ನದು, ಹಟ ಅದರದು. ಅದೇ ಸುಳ್ಳನ್ನೂ ಕಂಪ್ಯೂಟರಿನ ಡಬ್ಬಿಯನ್ನೂ ಹಿಡಿದುಕೊಂಡು ಮರುದಿನ ಗದಗಿನ ರಿಪೇರಿ ಅಂಗಡಿಯೊಂದಕ್ಕೆ ಹೋದೆ. ಅಲ್ಲಿಯ ಎಂಜಿನಿಯರು (ಬೋರ್ಡಿನ ಮೇಲೆ ಹಾಗೇ ಬರೆದಿದೆ) ಡಬ್ಬಿ ಬಿಚ್ಚಲೂ ಇಲ್ಲ.

‘ಫಾರ್ಮ್ಯಾಟ್ ಹೊಡೀಬೇಕ್ರಿ.’

‘ಒಳಗ ಡಾಟಾ ಐತಿ.’

‘ಫಾರ್ಮ್ಯಾಟ್ ಹೊಡದ ಮ್ಯಾಲೆ ಇರೂದಿಲ್ರಿ.’

ಮೌಸ್ ಓಡದಿದ್ದರೂ ಫಾರ್ಮ್ಯಾಟ್, ಪ್ರಿಂಟರ್ ಶಾಯಿ ಮುಗಿದರೂ ಫಾರ್ಮ್ಯಾಟ್. ತಲೆನೋವಿಗೆ ತಲೆ ತೆಗೆಯುವ ಚಿಕಿತ್ಸೆ ಇದು. ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಂಜೆ ಬೆಟಗೇರಿಗೆ ಹೋಗಿ ನಿಜ ಹೇಳಿದೆ.

ಮಾಬೂಸಾಬರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬೆರಳು ಸಣ್ಣಗೆ ನಡುಗುತ್ತಿದ್ದವು.

‘ಮತ್ತ ಬರದೇನಂದ್ರ ಈ ಕೈಲೆ ಆಗೂದಿಲ್ರಿ ಸರ. ನಾಕು ವರ್ಷಾತು, ಪೆನ್ಸಿಲ್ಲು ಚೌಕದಾಗ ನಿಂದ್ರೂದಿಲ್ಲ.’

ಬಾಗಿಲ ಬಳಿ ನಿಂತಿದ್ದ ಜೈನಾಬಿ ಮೆಲ್ಲಗೆ ಹೇಳಿದರು, ‘ಹಾಳಿ ನಾನs ಸುಟ್ನೆಲ್ರಿ.’ ನನ್ನನ್ನಲ್ಲ, ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅವನ್ನು ಕಸ ಎಂದ ನಾನು ಅವರದೇ ಕುರ್ಚಿಯ ಮೇಲೆ ಕೂತಿದ್ದೆ. ಅವರು ಕೊಟ್ಟ ಚಹಾ ಕೈಯಲ್ಲಿತ್ತು.

ಆ ವಾರ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಎಲ್ಲರಿಗೂ ಗೊತ್ತಿತ್ತು. ಒಬ್ಬರು ಬ್ಯಾಟರಿ ತೆಗೆದು ಹಾಕಿ ಎಂದರು, ಇನ್ನೊಬ್ಬರು ಡಿಸ್ಕನ್ನು ಬಿಸಿಲಿಗೆ ಇಡಿ ಎಂದರು. ‘ನನಗ ಗೊತ್ತಿಲ್ಲ’ ಎಂದವರು ಒಬ್ಬರೇ, ನಮ್ಮ ಕಾಲೇಜಿನ ಲೈಬ್ರರಿಯನ್. ‘ಆದ್ರ ಶಿರಹಟ್ಟಿಯೊಳಗ ನಮ್ಮ ದೊಡ್ಡಮ್ಮನ ಮಗಳು ಪಾರ್ವತಕ್ಕ ಅದಾಳ. ಹುಬ್ಬಳ್ಳಿ ಆಫೀಸ್‌ನ್ಯಾಗ ಯುನಿಕ್ಸ್ ಅನ್ನೂ ಕಂಪ್ಯೂಟರ್ ನೋಡ್ಕೋತಿದ್ಲು, ಈಗ ರಿಟೈರ್ ಆಗ್ಯಾಳ. ಕೇಳಿ ನೋಡ್ರಿ.’

ಮುಂದಿನ ಭಾನುವಾರ ಶಿರಹಟ್ಟಿ ಬಸ್ಸು ಹತ್ತಿದೆವು. ಮಾಬೂಸಾಬರು ಕಂಪ್ಯೂಟರಿನ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ತಗ್ಗು ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಪಕ್ಕದ ಸೀಟಿನ ಅಜ್ಜಿ, ‘ಏನೋ ಯಪ್ಪಾ ಅದು?’ ಎಂದು ಕೇಳಿದಳು.

‘ಕಂಪ್ಯೂಟರ್ ಐತಬೇ. ಆರಾಮಿಲ್ಲ, ತೋರ್ಸಾಕ ಹೊಂಟೇವಿ.’

ಅಜ್ಜಿ ಕೌದಿಯ ಅಂಚು ಸರಿಮಾಡಿದಳು.

ಪಾರ್ವತಕ್ಕ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಅರವತ್ತರ ಆಸುಪಾಸು, ಮೂಗಿನ ತುದಿಗೆ ಕನ್ನಡಕ. ನಮಗೂ ಒಂದು ಮೊರ ಶೇಂಗಾ ಸರಿಸಿ, ‘ಕುಂಡ್ರಿ. ಸುಲಕೋತ ಹೇಳ್ರಿ, ಏನ್ ಮಾಡಿದ್ರಿ?’ ಎಂದರು.

‘ನಾನೇನೂ ಮಾಡಿಲ್ರಿ ಅಕ್ಕಾರ. ರೀಸ್ಟಾರ್ಟ್ ಮಾಡಿದೆ, ಬೂಟ್ ಲೋಡರ್ ಕೆಟ್ಟೈತಿ.’

ಈ ಮಾತು ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದಲ್ಲ? ಮೆಕ್ಯಾನಿಕ್ ಮುಂದೆ, ಡಾಕ್ಟರ ಮುಂದೆ, ಹೆಂಡತಿಯ ಮುಂದೆ, ನಾವು ಯಾವತ್ತೂ ಏನೂ ಮಾಡಿರುವುದಿಲ್ಲ. ಎಲ್ಲ ತಾನಾಗಿಯೇ ಆಗಿರುತ್ತದೆ.

‘ಏನಂತ ಬರಾಕತ್ತೈತಿ?’

‘ಎರರ್ ಇಪ್ಪತ್ತೆರಡು.’

ಅವರು ಶೇಂಗಾ ಸುಲಿಯುವುದು ನಿಲ್ಲಿಸಿ ನನ್ನನ್ನು ನೋಡಿದರು. ‘ಇಪ್ಪತ್ತೆರಡಂದ್ರ ‘ಅಂಥಾ ಪಾರ್ಟಿಶನ್ ಇಲ್ಲ’ ಅಂತ. ಪಾಪ, ಅದು ಖರೆ ಹೇಳಾಕತ್ತೈತಿ. ಸುಳ್ಳು ಹೇಳಾಕತ್ತಾವರು ನೀವು. ಪಾರ್ಟಿಶನ್ ತಗದೀರಿ ಹೌದಲ್ಲೋ?’

ಹೌದು ಎಂದೆ. ಇತಿಹಾಸದ ಮೇಷ್ಟ್ರು ಎಂದೂ ಹೇಳಬೇಕಾಯಿತು. ‘ಹಂಗಾರ ನಿಮಗ ಗೊತ್ತಿರಬೇಕು’ ಎಂದರು, ‘ಗಡಿ ಅಳಿಸಿದ್ರ ಊರು ಎಲ್ಲೂ ಹೋಗೂದಿಲ್ಲ.’

ಮಾಬೂಸಾಬರು ಮುಂದೆ ಬಾಗಿದರು. ‘ಅಂದ್ರ ನನ್ನ ದಡಿ ಅದಾವೇನ್ರಿ ಬಾಯಾರ?’

‘ಅದಾವ. ನಿಮ್ಮ ಸರ ಎಲ್ಲಿಂದ ಎಲ್ಲಿತನಕ ಅನ್ನೂ ಗುರುತು ಅಷ್ಟ ಅಳಿಸ್ಯಾರ. ಅದರ ಮ್ಯಾಲೆ ಮತ್ತೇನಾರ ಬರದಾರೇನು?’

ಇಲ್ಲ ಎಂದೆ. ಜೀವನದಲ್ಲಿ ಮೊದಲ ಸಲ, ಕೆಲಸ ಅರ್ಧಕ್ಕೆ ಬಿಟ್ಟಿದ್ದಕ್ಕೆ ಹೆಮ್ಮೆಯಾಯಿತು.

ಅವರ ಹಳೆಯ ಮಾನಿಟರಿಗೆ ನಮ್ಮ ಡಬ್ಬಿ ಜೋಡಿಸಿದರು. ನನ್ನದೇ ಪುಕ್ಕಟೆ ಸೀಡಿ ಹಾಕಿ, ಅದರಿಂದಲೇ ಯಂತ್ರ ಎಬ್ಬಿಸಿದರು. ಆ ಸೀಡಿಯಲ್ಲಿ ರಿಪೇರಿಗೆಂದೇ ಒಂದು ದಾರಿ ಇದೆಯಂತೆ. ಮೊದಲ ಪರದೆಯಲ್ಲೇ ಬರೆದಿದೆಯಂತೆ. ನಾನು ಓದಿರಲಿಲ್ಲ. ಮೊದಲ ಪರದೆ ಓದುವಷ್ಟು ಅಜ್ಞಾನಿ ನಾನಲ್ಲವಲ್ಲ.

ಪಟ್ಟಿ ಬಂತು. ಪಾರ್ವತಕ್ಕ ಬೆರಳಿಟ್ಟು ತೋರಿಸಿದರು. ‘ಇಲ್ಲಿಂದ ಇಲ್ಲೀ ತನಕ ಖಾಲಿ. ಇದರಾಗ ಎರಡು ಭಾಗ ಇದ್ವು. ಶುರು ಗೊತ್ತು, ಕಡೀಕ್ಕಿಂದೂ ಗೊತ್ತು. ನಡುವಿನ ಗೋಡಿ ಎಲ್ಲಿತ್ತು? ಆ ನಂಬರ್ ಬರಕೊಂಡೀರೇನು?’

ಬರೆದುಕೊಂಡಿರಲಿಲ್ಲ. ‘ಅಂದಾಜಲೆ ಅರ್ಧಕ್ಕ ಹಾಕಿದ್ರ?’ ಎಂದೆ.

‘ಅಂದಾಜಲೆ ಮಾಡೇ ಇಲ್ಲೀ ತನಕ ಬಂದೀರಿ.’

ಮಾಬೂಸಾಬರು ಜುಬ್ಬಾದ ಕಿಸೆಯಿಂದ ನಾಲ್ಕು ಮಡಿಕೆಯ ಗ್ರಾಫ್ ಹಾಳೆ ತೆಗೆದರು. ನಾನು ಆ ಭಾನುವಾರ ಪಟ್ಟಿ ತೆರೆದಾಗ ಪಕ್ಕದಲ್ಲಿ ಕೂತು, ಪರದೆಯ ಮೇಲೆ ಕಂಡ ನಂಬರುಗಳನ್ನೆಲ್ಲ ಚೌಕಕ್ಕೊಂದರಂತೆ ಇಳಿಸಿಕೊಂಡಿದ್ದರು. ಅಂಕಿಗಳು ಅಲುಗಾಡಿದ್ದವು, ಆದರೆ ಸಾಲು ಸಾಲಾಗಿ ಇದ್ದವು.

‘ಯಾಕ್ ಬರಕೊಂಡ್ರಿ?’ ಕೇಳಿದೆ.

‘ನಂಬರ್ ಕಂಡ್ರ ಬರಕೋಳೂದು ನಮ್ಮ ರೂಢಿ ಸರ. ತಿಳಿಲಿಕ್ರೂ ಬರಕೋತೇವಿ. ಬಾಯಾರು ಈಗ ಕೇಳೂ ತನಕ ಇದು ಉಪಯೋಗಕ್ಕ ಬರ್ತದ ಅಂತ ನನಗೂ ಗೊತ್ತಿರಲಿಲ್ಲ.’

ಒಂದು ಅಂಕಿ ಮಾತ್ರ ಸಂಶಯ. ಒಂದೋ, ಏಳೋ? ಅದೇ ಗೋಡೆಯ ನಂಬರಿನ ಕೊನೆಯ ಅಂಕಿ, ಬೇರೆ ಯಾವ ಅಂಕಿ ಸಂಶಯವಾಗಿದ್ದರೂ ನಡೆಯುತ್ತಿತ್ತು. ಪಾರ್ವತಕ್ಕ ಕನ್ನಡಕ ಏರಿಸಿದರು. ಮಾಬೂಸಾಬರು ಕೆಳಗಿನ ಸಾಲಿಗೆ ಬೆರಳಿಟ್ಟರು. ‘ಮುಂದಿನ ಭಾಗ ಎಂಟರಿಂದ ಶುರು ಆಗೇತಿ ನೋಡ್ರಿ. ಅಂದ್ರ ಹಿಂದಿಂದು ಏಳಕ್ಕ ಮುಗೀಬೇಕು. ನಡುವ ಎಳಿ ಬಿಡಾಕ ಬರೂದಿಲ್ಲ.’

ಪಾರ್ವತಕ್ಕ ಅವರನ್ನು ಒಂದು ಕ್ಷಣ ನೋಡಿ, ‘ಏಳs’ ಎಂದರು.

ಆಮೇಲೆ ಅವರು ಮಾಡಿದ್ದು ನೋಡಿ ನಾನು ಎದ್ದು ನಿಂತೆ. ಉಳಿದಿದ್ದ ಭಾಗಗಳನ್ನೂ ಪಟ್ಟಿಯಿಂದ ತೆಗೆದರು. ‘ಅಕ್ಕಾರ, ಅವೂ ಹೋದ್ವಲ್ರಿ’ ಎಂದೆ. ‘ನೀವು ಎರಡು ತಗದಿದ್ದಕ್ಕ ಉಳಿದವುಗಳ ನಂಬರ್ ಸರದಾವ. ಮೊದಲಿನ ಅನುಕ್ರಮಕ್ಕ ಬರಬೇಕಂದ್ರ ಎಲ್ಲಾ ಮೊದಲಿಂದ ಬರೀಬೇಕು. ಸುಮ್ಮ ಕುಂಡ್ರಿ’ ಎಂದರು. ಒಂದೊಂದೇ ನಂಬರನ್ನು ಮಾಬೂಸಾಬರು ಓದಿದರು, ಪಾರ್ವತಕ್ಕ ಒತ್ತಿದರು. ಕೊನೆಗೆ ಕೀಬೋರ್ಡಿನಿಂದ ಕೈ ತೆಗೆದು, ಪೂರ್ತಿ ಪಟ್ಟಿಯನ್ನು ಇನ್ನೊಮ್ಮೆ ಹಾಳೆಯೊಂದಿಗೆ ತಾಳೆ ನೋಡಿದರು. ಇನ್ನೊಮ್ಮೆ. ಮೂರನೆಯ ಸಲವೂ.

‘ಇಲ್ಲೀ ತನಕ ಡಿಸ್ಕಿಗೆ ಏನೂ ಆಗಿಲ್ಲ, ಎದ್ದು ಹೋಗಬಹುದು. ‘ಬರಿ’ ಅಂದ ಮ್ಯಾಲೆ ಮುಗೀತು, ಹಿಂದಕ್ಕ ಬರಾಕಾಗೂದಿಲ್ಲ. ಅದಕ್ಕ ಅದನ್ನ ಒತ್ತೂಕಿಂತ ಮೊದಲ ಒಂದಿಷ್ಟು ಶೇಂಗಾ ತಿನ್ನಬೇಕು.’

ತಿಂದರು, ಖರೆ. ನಂತರ ಒತ್ತಿದರು.

ಸೀಡಿ ತೆಗೆದು ರೀಸ್ಟಾರ್ಟ್ ಮಾಡಿದಾಗ ಕಪ್ಪು ಪರದೆ ಬಂತು. ಮಾಬೂಸಾಬರು ಕಣ್ಣು ಮುಚ್ಚಿಕೊಂಡರು. ಕಪ್ಪು ಹೋಗಿ ‘ಯಾವುದು ಬೇಕು’ ಎಂಬ ಪಟ್ಟಿ ಬಂತು. ಬೂಟ್ ಲೋಡರನ್ನು ಯಾರೂ ಮುಟ್ಟಿರಲಿಲ್ಲ. ಅದಕ್ಕೆ ರೋಗವೇ ಇರಲಿಲ್ಲ. ಪಾರ್ವತಕ್ಕ ವಿಂಡೋಸ್ ತೆರೆದರು, ‘ಡಿ’ ತೆರೆದರು. ಸಾಲು ಸಾಲಾಗಿ ಎಲ್ಲ ಇದ್ದವು.

ಮಾಬೂಸಾಬರು ಒಂದನ್ನು ದೊಡ್ಡದು ಮಾಡಿಸಿ ನೋಡಿದರು. ಅವರ ಮೊದಲ ದಡಿಯಂತೆ. ಚೌಕಗಳನ್ನು ಎಣಿಸುತ್ತ ಕೊನೆಯವರೆಗೂ ಹೋದರು. ಆಮೇಲೆ ಕೌದಿಯಿಂದ ಮುಖ ಒರೆಸಿಕೊಂಡು, ‘ತಪ್ಪೇನಿಲ್ಲ’ ಎಂದರು. ಡಿಸ್ಕಿಗೆ ಹೇಳಿದರೋ ನನಗೆ ಹೇಳಿದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಹೊರಡುವ ಮುನ್ನ ಪಾರ್ವತಕ್ಕ ಎಲ್ಲ ಡಿಸೈನುಗಳನ್ನೂ ಸೀಡಿಗಳಿಗೆ ಇಳಿಸಿಕೊಟ್ಟರು. ಒಂದು ಪ್ರತಿ ಮಾಬೂಸಾಬರ ಮನೆಗೆ, ಇನ್ನೊಂದು ಲಕ್ಷ್ಮೇಶ್ವರದಲ್ಲಿರುವ ಅವರ ತಂಗಿಯ ಮನೆಗೆ. ‘ಒಂದು ನನ್ನ ಹತ್ರ ಇಟ್ಗೊಳ್ಳಲಾ?’ ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ಬೇಡ ಎಂದರು.

ಇಲ್ಲಿಗೆ ನನ್ನ ಕಂಪ್ಯೂಟರ್ ಸರ್ ಪದವಿ ಹೋಗಬೇಕಿತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಪದವಿ ಹೋಗುವುದು ಅಷ್ಟು ಸುಲಭವಲ್ಲ. ಮಾಬೂಸಾಬರು ದೊಡ್ಡ ಮನುಷ್ಯರು, ಓಣಿಯಲ್ಲಿ ಕೇಳಿದವರಿಗೆಲ್ಲ ‘ಸರ ಶಿರಹಟ್ಟೀ ತನಕ ಬಂದು ರಿಪೇರಿ ಮಾಡಿಸಿ ಕೊಟ್ರು’ ಎಂದಷ್ಟೇ ಹೇಳಿದ್ದಾರೆ. ಅದು ಬೆಟಗೇರಿ ದಾಟುವಷ್ಟರಲ್ಲಿ ‘ಮಾಡಿಸಿ’ ಹೋಗಿ ‘ಮಾಡಿ’ ಉಳಿದಿದೆ. ಅಳಿಸಿದವನು ಯಾರೆಂಬುದು ಯಾರಿಗೂ ಬೇಕಾಗಿಲ್ಲ.

ನಿನ್ನೆ ಮುಂಡರಗಿಯಿಂದ ಅಪರಿಚಿತ ಶಾಲಾ ಮೇಷ್ಟ್ರೊಬ್ಬರ ಫೋನು. ‘ಸರ, ಹೋದ ಡಾಟಾ ವಾಪಸ್ ತರ್ತೀರಂತ. ನಮ್ಮ ಸಾಲಿ ಕಂಪ್ಯೂಟರ್ ಒಂದು ಬರೇ ನಿಧಾನ ಆಗೇತಿ, ಸ್ವಲ್ಪ ಬಂದು ನೋಡ್ರೆಲ್ಲ.’

ಭಾನುವಾರ ಬರುತ್ತೇನೆ ಎಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಮುಂಡರಗಿಯಲ್ಲಿ ನನ್ನನ್ನು ತಡೆಯುವವರು ಯಾರಾದರೂ ಇದ್ದೀರಾ?