ತಾಳೆಯಾಗದ ಎರಡು ಲೆಕ್ಕಗಳು

ಕಳೆದ ಜೂನ್‌ನ ಕೊನೆಯ ಶುಕ್ರವಾರ, ಸಲ್ಲಿಕೆಗೆ ಒಂದೇ ದಿನ ಬಾಕಿಯಿದ್ದಾಗ, ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ತಪ್ಪು ಸಿಕ್ಕಿತು. ಹಿಡಿದವರು ಪ್ರಬಂಧವನ್ನು ಟೈಪ್ ಮಾಡುತ್ತಿದ್ದ ಭದ್ರಾವತಿಯ ಡಿಟಿಪಿ ಅಂಗಡಿಯ ಮಹಿಳೆ. ಪ್ರತಿ ಸಾಲಿನ ಕೆಳಗೂ ಸ್ಕೇಲಿಟ್ಟು ಓದುತ್ತಿದ್ದರು. ಅಂಚು ಓರೆಯಾದರೂ ‘ತಾಳೆ ಆಗ್ತಿಲ್ಲ’ ಎನ್ನುತ್ತಿದ್ದರು.

‘ಬ್ಲ್ಯಾಕ್‌ಹೋಲ್ ಲೆಕ್ಕಕ್ಕೂ ಗೇಜ್ ಸಿದ್ಧಾಂತದ ಲೆಕ್ಕಕ್ಕೂ ಒಂದೇ ಉತ್ತರ ಬರತ್ತೆ, ಸ್ಟ್ರಿಂಗ್ ಸಿದ್ಧಾಂತ ಹಾಗನ್ನತ್ತೆ ಅಂತ ಮೊದಲ್ನೇ ಪುಟದಲ್ಲಿ ನೀವೇ ಬರ್ದಿದ್ದೀರಿ. ಅಲ್ಲಿ ಉತ್ತರದ ಗೆರೆ ಕೆಳಗೆ ನಾಲ್ಕಿದೆ, ಇಲ್ಲಿ ಎಂಟು. ತಾಳೆ ಆಗ್ತಿಲ್ಲ ಮಾರಾಯ್ರೇ!’

ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಕಡೆ ಎರಡರಿಂದ ಗುಣಿಸಲು ಮರೆತಿದ್ದೆ.

‘ನಿಮಗೆ ಇದೆಲ್ಲ ಅರ್ಥ ಆಗತ್ತಾ?’

‘ಇಲ್ಲಪ್ಪ. ಓದಕ್ಕೆ ಬರತ್ತೆ.’

ತಿದ್ದಿ, ಮರುದಿನ ಸಲ್ಲಿಸಿದೆ. ಕೃತಜ್ಞತೆಯ ಪುಟಕ್ಕೆ ಅವರ ಹೆಸರನ್ನೂ ಬರೆದುಕೊಟ್ಟಿದ್ದೆ. ಬೈಂಡಾದ ಪ್ರತಿಯಲ್ಲಿ ಆ ಹೆಸರಿಲ್ಲ. ಆ ಪುಟವನ್ನು ಟೈಪ್ ಮಾಡಿದ್ದೂ ಅವರೇ.