ಹೆರಿಗೆ ಆಸ್ಪತ್ರೆಯ ನೀರು ಮತ್ತು ನಮ್ಮ ಕತ್ತಲೆಕೋಣೆ ಮೇಡಂ

ಕಣ್ಣಿಗೂ ನಾಲಿಗೆಗೂ ಸಿಕ್ಕದಷ್ಟು ಅಲ್ಪವಾಗಿ ನೀರಿನಲ್ಲಿ ಬೆರೆತ ಕಲ್ಮಶವನ್ನು ಬೆಳಕಿನಿಂದ ಹಿಡಿಯುವ ಸೆನ್ಸರುಗಳ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ವಿದ್ವತ್ತಿನ ಕುರಿತು ಈ ಅಭಿನಂದನಾ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ಹೊರಬೆಳಕು ತಾಗದಂತೆ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ಕೆಲಸ ಮಾಡುತ್ತಿದ್ದ ಅವರನ್ನು ನಾವು ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಕತ್ತಲೆಕೋಣೆ ಮೇಡಂ’ ಎನ್ನುತ್ತಿದ್ದೆವು. ಒಮ್ಮೆ ಫೋನಿನಲ್ಲಿ ಅವರೇ ಹಾಗೆಂದು ಪರಿಚಯ ಹೇಳಿಕೊಂಡಾಗ ನಾವೆಲ್ಲ ನೆಲ ನೋಡಿದೆವು.

ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಸಂಶೋಧನೆಗೆ ಸೇರಿದಾಗ ನನ್ನಲ್ಲಿ ತಿಳಿವಳಿಕೆಗಿಂತ ಆತುರವೇ ಹೆಚ್ಚಿತ್ತು. ಇದ್ದ ಒಂದೇ ಉಪಕರಣ ಬೆಳಗಿನ ಹೊತ್ತು ನನಗೆ ಸಿಗಲೆಂದು ಅವರು ತಮ್ಮ ಕೆಲಸವನ್ನು ಮಧ್ಯಾಹ್ನಕ್ಕೆ ತಳ್ಳಿಕೊಂಡರು.

ಎರಡನೆಯ ವರ್ಷ ಒಂದು ಹೆರಿಗೆ ಆಸ್ಪತ್ರೆಯ ನಲ್ಲಿನೀರು, ಡೀಸೆಲ್ ಬೆರೆತಿದೆಯೇ ಎಂಬ ಪರೀಕ್ಷೆಗೆ ಬಂತು. ನೇರಳಾತೀತ ದೀಪದ ಕೆಳಗೆ ಡೀಸೆಲ್ಲಿನ ಲವಲೇಶವಿದ್ದರೂ ನೀರು ನೀಲಿಯಾಗಿ ಹೊಳೆಯುತ್ತದೆ. ನಮ್ಮ ಸೆನ್ಸರು ಆ ಹೊಳಪನ್ನು ಅಳೆಯುತ್ತದೆ. ಅಂದು ಹೊಳಪು ಕಂಡಿತು. ನಾನು ಕುಣಿದಾಡಿದೆ, ವರದಿ ಹೋಯಿತು, ನಲ್ಲಿಗಳು ಮುಚ್ಚಿದವು. ಹನ್ನೊಂದು ದಿನ ಬಾಣಂತಿಯರ ಮನೆಯವರು ಬೀದಿಯಿಂದ ಎರಡನೆಯ ಮಹಡಿಗೆ ನೀರು ಹೊತ್ತರು.

ಹನ್ನೆರಡನೆಯ ದಿನ ಬೆವರು ಒರೆಸಲು ನಾನು ಕರವಸ್ತ್ರ ತೆಗೆದೆ. ಅಮ್ಮ ಬೆಳ್ಳಗೆ ಒಗೆದು ಕೊಟ್ಟಿದ್ದ ಆ ಬಟ್ಟೆ ದೀಪದ ಕೆಳಗೆ ಅದೇ ನೀಲಿಯಲ್ಲಿ ಹೊಳೆಯಿತು. ಮೇಡಂ ಅದನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

“ಆ ನೀರು ತಂದ ಬಾಟಲಿಗಳನ್ನ ಯಾವುದ್ರಲ್ಲಿ ತೊಳೆದೆ?”

ಲ್ಯಾಬಿನ ದ್ರಾವಣ ಮುಗಿದಿತ್ತೆಂದು ಮನೆಯಿಂದ ತಂದ ಬಟ್ಟೆಪುಡಿಯಲ್ಲಿ ತೊಳೆದು, ಒಂದೇ ಸಲ ನೀರಾಡಿಸಿ ಬಿಟ್ಟಿದ್ದೆ. ಬಿಳುಪು ಹೆಚ್ಚಿಸಲು ಆ ಪುಡಿಗೆ ಬೆರೆಸಿದ್ದ ವಸ್ತುವೇ ಹೊಳೆದಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನನಗೆ ತಿಳಿದದ್ದು ಹೀಗೆ. ಮೇಡಂ ತಾವೇ ತೊಳೆದ ಬಾಟಲಿಗಳಲ್ಲಿ ಹೊಸದಾಗಿ ನೀರು ತರಿಸಿ ನೋಡಿದರು, ಅದು ಶುದ್ಧವಾಗಿತ್ತು. ಅಂದು ಮಧ್ಯಾಹ್ನವೇ ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ನಡೆದರು.

ಮೆಟ್ಟಿಲ ಬಳಿ ಮೊಮ್ಮಗುವಿಗಾಗಿ ನೀರು ತಂದಿದ್ದ ಅಜ್ಜಿಯೊಬ್ಬರು ವಿಷಯ ತಿಳಿದು ಬಿಂದಿಗೆ ಇಳಿಸಿದರು. “ಈ ಮೊಣಕಾಲಲ್ಲಿ ಇಷ್ಟು ದಿನ ನನ್ನ ಹತ್ತಿಸಿದ್ದು ಯಾರಮ್ಮ?”

“ನಾನೇ ಅಜ್ಜಿ. ತಪ್ಪು ನಂದು,” ಎಂದರು ಮೇಡಂ.

ಅಜ್ಜಿ ಮನಸಾರೆ ಬೈದರು. ಮೇಡಂ ತಲೆತಗ್ಗಿಸಿ ಕೇಳಿಸಿಕೊಂಡು, ಆಮೇಲೆ ಬಿಂದಿಗೆಯನ್ನು ತಾವೇ ಎತ್ತಿಕೊಂಡು ಮೇಲೆ ಹೋದರು. ತಪ್ಪು ನನ್ನದೆಂದು ಒಪ್ಪಿಕೊಳ್ಳದೆ ನಾನು ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ನಿಜ ಹೊರಬಿದ್ದರೆ ನನ್ನ ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು. ಸಂಸ್ಥೆಗೆ ಕೊಟ್ಟ ವಿವರಣೆಯಲ್ಲೂ ಅವರು ತಮ್ಮ ಹೆಸರನ್ನಷ್ಟೇ ಬರೆದರು. ಅದರಿಂದಲೇ ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆ ತಪ್ಪಿತೆಂದು ನಾಲ್ಕು ವರ್ಷದ ಮೇಲೆ ಗುಮಾಸ್ತರಿಂದ ತಿಳಿದು, ನಾನು ಅಳುತ್ತ ಅವರ ಮುಂದೆ ನಿಂತೆ.

“ನಿನಗಿನ್ನೂ ಕಲಿಯೋ ವಯಸ್ಸಿತ್ತು ಕಣಪ್ಪ,” ಎಂದರು, ಅಷ್ಟೇ. ಯಾರಿಗೂ ಹೇಳಕೂಡದೆಂದು ಮಾತನ್ನೂ ತೆಗೆದುಕೊಂಡರು.

ಆ ಮಾತನ್ನು ಇಂದು ಮುರಿದಿದ್ದೇನೆ. ಓದಿ ಅವರು ಸಿಟ್ಟಾಗುವುದು ಖಂಡಿತ. ನಮ್ಮನ್ನು ಹೀಗೆ ಗದರಿಸಿಕೊಂಡು ಅವರು ನೂರ್ಕಾಲ ಗಟ್ಟಿಯಾಗಿರಲಿ. ನಿವೃತ್ತಿಯ ಮರುದಿನವೂ ಬಂದು ಕೂರಲು ಕತ್ತಲೆಕೋಣೆಯಲ್ಲಿ ಅವರ ಮೇಜು ಹಾಗೇ ಇರುತ್ತದೆ. ಅವರ ಸೇವಾ ಪುಸ್ತಕದಲ್ಲಿರುವುದು ಒಂದೇ ಒಂದು ಕಪ್ಪುಚುಕ್ಕೆ. ಅದನ್ನು ಅಲ್ಲಿಂದ ತೆಗೆದು ಈಗ ಇದೇ ಸಂಸ್ಥೆಯ ನೌಕರನಾದ ನನ್ನ ಸೇವಾ ಪುಸ್ತಕಕ್ಕೆ ಬರೆಯಿರೆಂದು ನಿನ್ನೆ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ.