ಹೊಳೆಯ ದನಿ ನಿಂತ ಸಂಜೆ

ನಾನೇ ಬರೆದು ಕಲಿಸಿದ ನಾಟಕ ನಡೆಯುತ್ತಿರುವಾಗಲೇ, ನನಗೆ ಒಂದು ಮಾತೂ ತಿಳಿಸದೆ, ನನ್ನ ದನಿಯನ್ನು ಬಂದ್ ಮಾಡಿದರು. ಮಾಡಿದವರು ಕೊಪ್ಪಳದ ಒಬ್ಬ ಉಪನ್ಯಾಸಕರು. ಫೋನಿನಲ್ಲಿ ಎಲ್ಲರನ್ನೂ ಜೋಡಿಸುವ ಹೊಣೆ ಅವರದಾಗಿತ್ತು.

ಅದು ಲಾಕ್‌ಡೌನಿನ ಎರಡನೆಯ ತಿಂಗಳು. ಗಂಗಾವತಿಯ ಮನೆಯ ಮೇಲಿನ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಸೊಸೆ ಊಟದ ತಾಟನ್ನು ಮೆಟ್ಟಿಲ ಮೇಲಿಟ್ಟು ಕೆಳಗಿನಿಂದಲೇ ಕೂಗುತ್ತಿದ್ದಳು. ಹಳ್ಳಿಹಳ್ಳಿಗಳಲ್ಲಿ ನಾಟಕ ಕಲಿಸಿ, ಪರದೆಯ ಮರೆಯಲ್ಲಿ ನಿಂತು ನಟರು ಮರೆತ ಮಾತನ್ನು ಪ್ರಾಂಪ್ಟ್ ಮಾಡಿ ಬದುಕಿದವನು ಗೋಡೆಗಳಿಗೆ ಏನು ಕಲಿಸಲಿ? ಫೋನಿನಲ್ಲೇ ಕೇಳುವ ನಾಟಕವೊಂದನ್ನು ಬರೆದೆ. ಹರಿಗೋಲು ನಿಂತುಹೋದ ಹೊಳೆ. ಆಚೆ ದಡದಲ್ಲಿ ಗಂಡ, ಈಚೆ ದಡದಲ್ಲಿ ಹೆಂಡತಿ. ಗಂಡನ ಪಾತ್ರ ಕುಷ್ಟಗಿಯ ಟೇಲರ್ ಒಬ್ಬರದು. ಹೆಂಡತಿಯ ಪಾತ್ರಕ್ಕೆ ಯಲಬುರ್ಗಾದ ಹಿರಿಯ ನಟಿ. ಮೂವತ್ತು ವರ್ಷ ನನ್ನ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ಈಚೆಗೆ ಆಕೆಗೆ ಮಾತು ಮರೆಯುತ್ತಿತ್ತು. ಅದಕ್ಕಾಗಿಯೇ ಹೊಸದೊಂದನ್ನು ಯೋಚಿಸಿದೆ: ಪ್ರಾಂಪ್ಟರನ ದನಿ ಈ ಸಲ ಕೇಳುಗರಿಗೂ ಕೇಳಲಿ, ಅದೇ ಹೊಳೆಯ ದನಿಯಾಗಲಿ.

"ನೀವು ಇರ್ತೀರಿ ಅಂದ್ರ ಹೂಂ ಅಂತೀನ್ರಿ ಮಾಸ್ತರ," ಎಂದರು ಆಕೆ. "ಮರತು ನಿಂತ್ರ ಈ ವಯಸ್ಸಿನಾಗ ಮಾನ ಹೋಕ್ಕೈತಿ."

"ಕಡೀತನಕ ಇರ್ತೀನಿ ಬಿಡವಾ."

"ಮಾಸ್ತರ ದನಿ ಎಲ್ಲೀ ಹೊಳೀರಿ? ತಗಡು ಬಡಿದಂಗೈತಿ," ಎಂದು ಫೋನಿನ ತಾಲೀಮಿನಲ್ಲಿ ಉಪನ್ಯಾಸಕರು ನಕ್ಕರು. ನಾನು ನಗಲಿಲ್ಲ.

ಪ್ರದರ್ಶನದ ಸಂಜೆ, ಮೂರನೆಯ ದೃಶ್ಯದಲ್ಲಿ ಆಕೆ ತಡವರಿಸಿ ನಿಂತರು. ಹಸ್ತಪ್ರತಿಯಿಂದ ಕಣ್ಣು ತೆಗೆಯದೆ ಮಾತು ಕೊಟ್ಟೆ. ಆಕೆ ಎತ್ತಿಕೊಳ್ಳಲಿಲ್ಲ. ಮತ್ತೆ ಕೊಟ್ಟೆ, ಗಟ್ಟಿಯಾಗಿ.

"ಮಾಸ್ತರ... ಅದೀರೇನ್ರಿ?"

"ಅದೀನವಾ! ಅದೀನಿ!"

ನನ್ನ ಕೂಗಿಗೆ ಕೆಳಗೆ ಸೊಸೆ ಗಾಬರಿಯಾಗಿ ಬಾಗಿಲು ತೆರೆದಳು. ಫೋನಿನಾಚೆಯ ನಟಿಗೆ ಮಾತ್ರ ಕೇಳಲಿಲ್ಲ. ಇನ್ನೊಮ್ಮೆ ಕರೆದು, ಬಿಕ್ಕಿ, ಫೋನ್ ಇಟ್ಟುಬಿಟ್ಟರು. ಕೇಳುಗರು ಅದನ್ನೂ ನಾಟಕವೆಂದೇ ತಿಳಿದು ಹೊಗಳಿದರು.

ಉಪನ್ಯಾಸಕರನ್ನು ಕೇಳಿದೆ. "ನಿಮ್ಮ ದನಿ ಅಡ್ಡ ಬರಾಕತ್ತಿತ್ರಿ. ಎರಡನೇ ಸೀನ್ ಮುಗಿದ ಕೂಡ್ಲೇ ಮ್ಯೂಟ್ ಮಾಡಿದೆ. ಏನಾತೀಗ? ಎಲ್ಲಾರೂ ಛಲೋ ಅಂದಾರಲ್ಲ!"

ಯಲಬುರ್ಗಾಕ್ಕೆ ಫೋನ್ ಮಾಡಿದರೆ ಆಕೆ ಎತ್ತಲಿಲ್ಲ. ನಾಲ್ಕನೆಯ ಸಲ ಮಗಳು ಎತ್ತಿದಳು: "ಅವ್ವ ಮಾತಾಡಂಗಿಲ್ಲಂತ್ರಿ. ಮಾಸ್ತರ ತಾವ ಎದ್ದು ಹೋದ್ರು ಅಂತ ಕೊಪ್ಪಳದ ಸರ್ ಹೇಳ್ಯಾರ." ನಡೆದುದನ್ನು ವಿವರಿಸಿದೆ. "ಅದನ್ನ ಆ ಸರ್ ಬಾಯಾಗ ಹೇಳಸ್ರಿ," ಎಂದಳು.

ಇಂದಿಗೂ ಆ ನಟಿ ನನ್ನೊಡನೆ ಮಾತನಾಡಿಲ್ಲ. ಬೇರೆ ಯಾರೊಂದಿಗೂ ನಾನು ಮತ್ತೆ ನಾಟಕ ಕಟ್ಟಿಲ್ಲ. ಉಪನ್ಯಾಸಕರೇ, ಆಕೆಯ ನಂಬರು ನಿಮ್ಮಲ್ಲಿದೆ. ಆ ಸಂಜೆ ನಾನು ಎದ್ದುಹೋಗಿರಲಿಲ್ಲವೆಂದು ಆಕೆಗೆ ಹೇಳಲು ನಿಮಗಿನ್ನೂ ಏನು ಅಡ್ಡ ಬರುತ್ತಿದೆ?